ಎರಡು ಕಾರು, ಒಬ್ಬ ಕೊಟ್ರ

ಹರಪನಹಳ್ಳಿ ಕಡೆ ಹಾಲವ್ವ ಅಂತ ಒಬ್ಬಳು, ಅವಳಿಗೆ ಕೊಟ್ರ ಅಂತ ಒಬ್ಬನೇ ಮಗ. ಮೈ ಆಳೆತ್ತರ ಬೆಳೆದಿತ್ತು, ಬುದ್ಧಿ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ ನೋಡಿ, ಅದೇ ತಾಪತ್ರಯ! ಹಾಲವ್ವ ತಾನು ಅಡುಗೆ ಮಾಡುವ ಪಂಪಣ್ಣ ಸಾವ್ಕಾರರ ಮನೆಯಲ್ಲೇ ಕೈಕಾಲು ಹಿಡಿದು ಅವನನ್ನು ಕಾರು ನೋಡಿಕೊಳ್ಳುವ ಕೆಲಸಕ್ಕೆ ಸೇರಿಸಿದಳು. ಇದೂ ಹೋದರೆ ಇವನನ್ನು ಇನ್ಯಾರು ಇಟ್ಟುಕೊಂಡಾರು ಅಂತ ಅವಳ ಎದೆ ಸದಾ ಡವಡವ.

ಸಾವ್ಕಾರರಿಗೆ ಎರಡು ಕಾರು. ಅಪ್ಪನ ಕಾಲದ ಅಂಬಾಸಿಡರ್ ಒಂದು, ಮೊನ್ನೆ ತಂದ ಸೆಡಾನ್ ಒಂದು. ಹಳೆಯದು ಗುದ್ದಿದರೆ ಮಾತು ಕೇಳುವ ಎಮ್ಮೆ, ಹೊಸದು ಮುಟ್ಟಿದರೆ ಮುನಿಯುವ ಹೊಸ ಸೊಸೆ.

"ಲೇ ಕೊಟ್ರಾ, ಅಂಬಾಸಿಡರ್ ಬಾಗಿಲು ಸುಮ್ನೆ ಕೂರಲ್ಲ. ಬಲ ಬಿಟ್ಟು ಬಡಿ!" ಅಂದರು ಸಾವ್ಕಾರರು.

"ಆತ್ರೀ!" ಅಂದ ಕೊಟ್ರ. ಮರುದಿನ ಸೆಡಾನಿನ ಬಾಗಿಲನ್ನು ಬಲ ಬಿಟ್ಟು ಬಡಿದ. ಫಳ್ ಅಂತ ಗಾಜು ನೆಲಕ್ಕೆ!

"ಅಯ್ಯೋ ಮುಂಡೇದೇ! ಮಲಗಿದ ಕೂಸಿಗೂ ಕೇಳಿಸಬಾರದು, ಹಂಗೆ ಮೆಲ್ಲಕ್ಕೆ ಹಾಕ್ಬೇಕು!"

"ಆತ್ರೀ!" ಸಂತೆಗೆ ಅಂಬಾಸಿಡರ್ ಹೊರಟಿತು. ಕೊಟ್ರ ಉಸಿರು ಬಿಗಿಹಿಡಿದು ಬಾಗಿಲನ್ನು ಮೆಲ್ಲಕ್ಕೆ ಮುಟ್ಟಿಸಿದ. ವಾಪಸು ಬರುವಾಗ ತಿರುವಿನಲ್ಲಿ ಬಾಗಿಲು ತೆರೆದುಕೊಂಡು ಬದನೆಕಾಯಿ ಬುಟ್ಟಿ ಚರಂಡಿಗೆ ಬಿತ್ತು.

"ಹಗ್ಗ ಹಾಕಿ ಬಿಗಿಯಾಗಿ ಕಟ್ಟಬಾರದೇನಲೇ! ಇನ್ನೊಂದು ಎಡವಟ್ಟು ಮಾಡಿದ್ರೆ ಮನೆಗೆ ಹೋಗು!"

"ಆತ್ರೀ!"

ಹಾಲವ್ವ ಒಲೆ ಮುಂದೆ ಕಣ್ಣೊರೆಸಿಕೊಂಡಳು. "ಕೈ ಮುಗೀತೀನಿ ಮಗಾ, ಸಾವ್ಕಾರ್ರು ಹೇಳಿದಂಗೆ ಮಾಡಪ್ಪಾ!"

ಮಾಡಿದ. ಬೆಳಿಗ್ಗೆ ಸಾವ್ಕಾರರ ಮಗಳು ಶಿವಲೀಲಳಿಗೆ ಹೆರಿಗೆ ನೋವು ಶುರುವಾಯಿತು. ಓಡಿ ಹೋಗಿ ನೋಡಿದರೆ ಸೆಡಾನಿನ ಸುತ್ತ ಬಾವಿ ಹಗ್ಗ, ಗಂಟಿನ ಮೇಲೆ ಗಂಟು!

"ಹಾಳಾಗ್ಲಿ, ಹತ್ರೀ ಅಂಬಾಸಿಡರ್! ತಳ್ಳದೆ ಅದು ಚಾಲೂ ಆಗಲ್ಲ. ತಳ್ಳಲೇ ಕೊಟ್ರಾ, ನಾ ಸಾಕು ಅನ್ನೋತನಕ ಬಿಡಬ್ಯಾಡ!"

ಕೊಟ್ರ ತಳ್ಳಿದ, ಕಾರು ಹೊರಟಿತು. ಗಾಬರಿಯಲ್ಲಿ ಸಾವ್ಕಾರರು ಸಾಕು ಅನ್ನುವುದನ್ನೇ ಮರೆತರು. ಅಂಬಾಸಿಡರ್‌ದೇನು, ಎತ್ತಿನಗಾಡಿ ನಡಿಗೆ. ಆಸ್ಪತ್ರೆಯಲ್ಲಿ ಇಳಿದರೆ, ಡಿಕ್ಕಿ ಹಿಡಿದುಕೊಂಡೇ ಓಡಿ ಬಂದ ಕೊಟ್ರ ಏದುಸಿರು ಬಿಡುತ್ತಿದ್ದ!

"ದಡ್ಡ ಶಿಖಾಮಣೀ! ಒಳಗೆ ಕೂತ್ಕೋಬೇಕಲೇ, ಒಳಗೆ! ನಿನ್ನ ಕೆಲಸದ ಮಾತು ಆಮ್ಯಾಲೆ ನೋಡ್ತೀನಿ!"

ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಆರಾಮ. ಕೂಸನ್ನು ಮನೆಗೆ ಕರೆತರುವಾಗ ಶಿವಲೀಲಳ ಪಕ್ಕ ಕೂತು ಹಾಲವ್ವನೇ ಮಡಿಲಲ್ಲಿಟ್ಟುಕೊಂಡಿದ್ದಳು. ಮಗನ ಕೆಲಸದ ಮಾತು ಈಗ ಬಂತು, ಆಗ ಬಂತು ಅಂತ ದಾರಿಯುದ್ದಕ್ಕೂ ಸಾವ್ಕಾರರ ಮುಖವನ್ನೇ ನೋಡುತ್ತಿದ್ದಳು. ದಿಬ್ಬದ ನೆತ್ತಿಯಲ್ಲಿ ಅಂಬಾಸಿಡರ್ ಗಕ್ಕನೆ ನಿಂತಿತು.

"ತಳ್ಳಲೇ ಕೊಟ್ರಾ!"

"ಆತ್ರೀ!" ಈ ಸಲ ಹಿಂದಿನ ಸೀಟಿನಲ್ಲಿದ್ದ ಕೊಟ್ರ ಕೂತಲ್ಲೇ ಮುಂದಿನ ಸೀಟಿಗೆ ಎರಡೂ ಕೈ ಕೊಟ್ಟು, "ಐಸಾ! ಐಸಾ!" ಅಂತ ನೂಕತೊಡಗಿದ.

"ಏನು ಮಾಡ್ತಿದೀಯಲೇ?"

"ತಳ್ತಿದೀನ್ರೀ! ಒಳಗೆ ಕೂತ್ಕೊಂಡು!"

ಸಾವ್ಕಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಲವ್ವಾ, ಇವನು ನಮ್ಮನೇಲೇ ಇರ್ಲಿ. ಹೊರಗೆ ಬಿಟ್ರೆ ಊರಿನ ಕಾರುಗಳ ಗತಿ ಏನು!"

"ಬದುಕಿದೆ ಶಿವನೇ!" ಹಾಲವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೂಸನ್ನು ಶಿವಲೀಲಳ ಕೈಗಿತ್ತು, ಸೆರಗು ಸಿಕ್ಕಿಸಿ ಇಳಿದು, ಖುಷಿಗೆ ಒಂದೇ ಸಲ ನೂಕಿದಳು. ಕಾರು ಭರ್ರನೆ ದಿಬ್ಬ ಇಳಿದು ಹೋಗೇಬಿಟ್ಟಿತು. ಕೊಟ್ರ ಬೆವರೊರೆಸಿಕೊಳ್ಳುತ್ತಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ:

"ಯವ್ವಾ, ನೀ ಯಾಕೆ ಇಳಿದೆ? ನಾ ತಳ್ತಿದ್ನಲ್ಲಾ!"