ಜಮಖಾನ ಮತ್ತು ಬೆಳ್ಳನೆಯ ಹಾಸಿಗೆ

ಪಟ್ಟಣದಲ್ಲಿ ಹೊಸದಾಗಿ ತೆರೆದ ಐಷಾರಾಮಿ ಹೋಟೆಲಿನ ಒಂಬತ್ತನೆಯ ಮಹಡಿಗೆ, ಪ್ರವಾಸ ಹೊರಟ ಗದಗಿನ ಕುಟುಂಬವೊಂದರ ಜೊತೆ ಅವರ ಹಳೆಯ ಜಮಖಾನವೂ ಬಂತು. ಅದು ಚೀಲದಿಂದ ಇಣುಕಿದ್ದೇ ತಡ, ಕೋಣೆಯ ನಡುವಿದ್ದ ಬೆಳ್ಳನೆಯ ಹಾಸಿಗೆ ಗದರಿತು.

“ಯಾರು ನೀನು? ಮೈತುಂಬ ಕಲೆ!”

“ಇದು ಬಾದಾಮಿಯಲ್ಲಿ ಚೆಲ್ಲಿದ ಸಾರು, ಇದು ಗೋಕರ್ಣದಲ್ಲಿ ಸೋರಿದ ಮಾವಿನಹಣ್ಣು,” ಎಂದು ಜಮಖಾನ ಪರಿಚಯ ಹೇಳಿಕೊಂಡಿತು.

“ನನ್ನ ಮೇಲೆ ಒಂದು ಚುಕ್ಕೆಯೂ ಇಲ್ಲ. ನಾನಿರುವಲ್ಲಿ ನಿನಗೇನು ಕೆಲಸ? ಮಡಚಿಕೊಂಡು ಬಿದ್ದಿರು.”

ಜಮಖಾನ ಮತ್ತೆ ಚೀಲದೊಳಗೆ ಮುದುಡಿಕೊಂಡಿತು. ಹೌದಲ್ಲ, ಇಂಥ ಮೆತ್ತನೆಯ ಹಾಸಿಗೆ ಸಿಕ್ಕ ಮೇಲೆ ತನ್ನನ್ನು ಯಾರು ಕೇಳುತ್ತಾರೆ? ಇನ್ನು ಅಟ್ಟವೇ ಗತಿ.

ಅಷ್ಟರಲ್ಲಿ ಮೊಮ್ಮಗಳು ಪಾರಿ ಹಾಸಿಗೆಯತ್ತ ಓಡಿದಳು. ಅಜ್ಜಿ ನೀಲವ್ವ ಗಪ್ಪನೆ ಅವಳ ರಟ್ಟೆ ಹಿಡಿದಳು. “ಹತ್ತಬ್ಯಾಡವಾ! ಎಷ್ಟು ಬೆಳ್ಳಗೈತಿ ನೋಡು, ಕಲೆ ಬಿದ್ರ ಏನ್ ಮಾಡೂದು? ಜಮಖಾನ ಹಾಸ್ರಿ, ಹೊಟ್ಟಿ ಹಸದೈತಿ.”

ಜಮಖಾನ ನೆಲದಗಲ ಮೈಚಾಚಿತು. ರೊಟ್ಟಿಯ ಬುತ್ತಿ ಬಿಚ್ಚಿ, ಕುಟುಂಬದ ಆರೂ ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ಮಗ ಹೇಳಿದ ಯಾವುದೋ ಮಾತಿಗೆ ನೀಲವ್ವ ನಕ್ಕ ರಭಸಕ್ಕೆ ಎಣ್ಣೆಗಾಯಿಯ ಒಂದು ಹನಿ ಕೆಳಗೆ ಬಿತ್ತು.

“ಇದು ಈ ಊರಿನ ಗುರುತು,” ಎಂದು ಜಮಖಾನ ಹಿಗ್ಗಿತು.

ಹಾಸಿಗೆ ಬಹಳ ಹೊತ್ತು ಮೇಲಿನಿಂದಲೇ ನೋಡುತ್ತಿತ್ತು. ಕೊನೆಗೆ ಮೆಲ್ಲಗೆ ಕೇಳಿತು: “ಅಣ್ಣಾ, ಅಜ್ಜಿಯನ್ನು ಇನ್ನೊಮ್ಮೆ ನಗಿಸಲು ಅವಳ ಮಗನಿಗೆ ಹೇಳು. ಒಂದು ಹನಿ ಈ ಕಡೆಗೂ ಸಿಡಿಯಲಿ.”