ಗುರುತಿಲ್ಲದ ಪಂಚೆ

ಒಂದೂರು. ಊರಾಚೆ ಒಂದು ಕೆರೆ, ಕೆರೆ ಏರಿಯ ಕೆಳಗೆ ಚೌಡಮ್ಮನ ಗುಡಿಸಲು. ಊರಿನವರ ಬಟ್ಟೆ ಒಗೆಯುವುದು ಅವಳ ಕೆಲಸ. ಅವಳಿಗೊಬ್ಬ ಮಗ, ಹೆಸರು ಮಾಚ. ಮೈಯಲ್ಲಿ ಎರಡಾಳಿನ ಕಸುವು, ತಲೆಯಲ್ಲಿ ಅರ್ಧಾಳಿನದೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಷ್ಟೇ ಅವನ ತಪ್ಪು, ಪಾಪ!

ಒಂದು ಸಂಗತಿ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಗೆಯಲು ಬಂದ ಬಟ್ಟೆಯ ಮೂಲೆಯಲ್ಲಿ ಕೇರುಬೀಜದ ಕಪ್ಪಿನಿಂದ ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಾರಲ್ಲ, ಆ ಗುರುತು. ಮೂರು ಚುಕ್ಕೆ ಸಾಹುಕಾರರದು, ಅಡ್ಡಗೀಟು ಶಾನುಭೋಗರದು, ಸೊನ್ನೆ ಪಟೇಲರದು. ಗುರುತು ನೋಡಿ ಆಯಾ ಮನೆಗೆ ಮುಟ್ಟಿಸುವುದರಲ್ಲಿ ಮಾಚ ಒಮ್ಮೆಯೂ ತಪ್ಪಿದವನಲ್ಲ.

ಆಷಾಢ ಹತ್ತಿರ ಬಂತು. ಅದು ಬಂತೆಂದರೆ ಮದುವೆ ಮಾತಿಲ್ಲ. ಚೌಡಮ್ಮ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು.

"ನನ್ ಕೈಕಾಲು ನಿಂತ್ಮೇಲೆ ಇವ್ನಿಗೆ ಅನ್ನ ಹಾಕೋರ್ ಯಾರಪ್ಪಾ! ಈ ಸಲ ಒಂದು ಹೆಣ್ಣು ತಂದೇ ತೀರ್ಬೇಕು!"

ಆದರೆ ಹೆಣ್ಣಿನವರು ಮೊದಲು ನೋಡುವುದು ಏನನ್ನು? ಪಾತ್ರೆಯನ್ನು, ಬಟ್ಟೆಯನ್ನು. ಹುಡುಗನ ಮುಖ ನೋಡುವುದು ಎಲ್ಲ ಆದಮೇಲೆ. ಚೌಡಮ್ಮನಿಗೆ ಅದು ಗೊತ್ತಿತ್ತು.

"ಲೋ ಮಾಚಾ, ಇವತ್ತು ಹೆಣ್ಣಿನೋರು ಬರ್ತಾರೆ. ಮನೇಲಿರೋ ಒಳ್ಳೇದೆಲ್ಲ ಅವ್ರ ಕಣ್ಣಿಗೆ ಬೀಳೋ ಹಂಗಿಡು!"

"ಹೂಂ ಕಣವ್ವಾ, ಹಂಗೇ ಮಾಡ್ತೀನಿ."

ಮನೆಯಲ್ಲಿ ಒಳ್ಳೆಯದೇನಿದೆ? ಇರುವುದು ಎರಡು ಮಡಕೆ, ಒಂದು ಹರಿದ ಚಾಪೆ. ಮಾಚ ಹುಡುಕಿದ, ಹುಡುಕಿದ. ಒಗೆಯಲು ಬಂದ ಗಂಟು ಕಂಡಿತು. ರೇಷ್ಮೆ ಸೀರೆ, ಜರಿ ಪಂಚೆ, ಕಸೂತಿ ಕುಪ್ಪಸ, ಎಲ್ಲವನ್ನೂ ಅಂಗಳದ ತುಂಬ ಹಗ್ಗ ಕಟ್ಟಿ ಹರವಿದ. ಹೆಣ್ಣಿನವರು ಬಂದು ಬಾಯಿ ಬಿಟ್ಟುಕೊಂಡು ನಿಂತರು.

"ಅಬ್ಬಬ್ಬಾ! ಇದೆಲ್ಲ ಯಾರ್ದಪ್ಪಾ?"

ಮಾಚ ಓಡೋಡಿ ಒಂದೊಂದೇ ಮೂಲೆ ತಿರುಗಿಸಿ ತೋರಿಸಿದ. "ಮೂರು ಚುಕ್ಕೆ, ಸಾಹುಕಾರ್ರದು! ಗೀಟು, ಶಾನುಭೋಗ್ರದು! ಸೊನ್ನೆ, ಪಟೇಲ್ರದು! ಅಗೋ ಆ ಹರಕು ಟವಲ್ಲು, ಅದು ನಮ್ದು!"

ಹೆಣ್ಣಿನವರು ನೀರೂ ಕುಡಿಯದೆ ಎದ್ದು ಹೋದರು. ಚೌಡಮ್ಮ ತಲೆ ತಲೆ ಚಚ್ಚಿಕೊಂಡಳು.

"ಅಯ್ಯೋ ಹಾಳಾದೋನೇ! ಹಿಂಗಾ ಹೇಳೋದು? ಯಾರು ಏನು ಕೇಳಿದ್ರೂ ನಮ್ದೇ ಅನ್ಬೇಕು ಕಣೋ!"

"ಹೂಂ ಕಣವ್ವಾ, ಹಂಗೇ ಅಂತೀನಿ."

ಎಂಟು ದಿನ ಕಳೆಯಿತು. ಆಷಾಢ ಇನ್ನೂ ಹತ್ತಿರವಾಯಿತು. ಎರಡನೆಯವರು ಹುಡುಗಿಯನ್ನೂ ಕರೆದುಕೊಂಡೇ ಬಂದರು. ಹುಡುಗಿಯ ಅಪ್ಪ ಹೊಸ ಕೊಡೆಯನ್ನು ಮೂಲೆಗೆ ಒರಗಿಸಿ ಕೂತ. ಏಳುವ ಹೊತ್ತಿಗೆ ಕೊಡೆ ಮಾಚನ ಕೈಯಲ್ಲಿತ್ತು.

"ಯಾರ್ದಪ್ಪಾ ಆ ಕೊಡೆ?"

"ನಮ್ದೇ!"

"ಏ! ನನ್ ಕಾಲ್ಜೋಡು ಎಲ್ಲಿ?"

"ಒಳಗಿಟ್ಟಿದೀನಿ. ನಮ್ದೇ!"

ಹುಡುಗಿಯ ಸೋದರತ್ತೆ ನಡುವೆ ಬಂದು ಮಾತು ತಿರುಗಿಸಿದಳು. "ಹೋಗ್ಲಿ ಬಿಡಿ. ಅಲ್ಲಾ ಮಗಾ, ಈ ಹುಡುಗಿ ಯಾರ ಮನೇವ್ಳು ಅಂತ ಗೊತ್ತಾ?"

"ನಮ್ಮನೇವ್ಳೇ! ನಮ್ಮವ್ವನ ಮಗಳೇ!"

ತಂಗಿ ಅಂದವಳನ್ನು ಯಾರು ಕೊಡುತ್ತಾರೆ? ಕೊಡೆ ಕಿತ್ತುಕೊಂಡರು, ಜೋಡು ಕಿತ್ತುಕೊಂಡರು, ಬೈದು ಹೊರಟರು. ಚೌಡಮ್ಮ ಅತ್ತಳು, ಅಳುತ್ತಲೇ ಬೈದಳು.

"ಸಾಮಾನ್ ಮೇಲೆ ಯಾಕೋ ಕಣ್ಣು ಹಾಕ್ದೆ? ಬಂದೋರಲ್ಲಿ ದೊಡ್ಡೋರ್ ಯಾರು ಅಂತ ನೋಡಿ ಮರ್ವಾದೆ ಕೊಡೋ!"

"ದೊಡ್ಡೋರು ಅಂತ ಹೆಂಗವ್ವಾ ಗೊತ್ತಾಗೋದು?"

"ಬಟ್ಟೆ ನೋಡೋ! ಜರಿ ಕಂಡ್ರೆ ಚಾಪೆ ಹಾಸು, ನೀರು ಕೊಡು, ಕೈ ಮುಗಿ. ಮಾಸಿದ್ರೆ ಆಚೆ ಕೂರ್ಸು!"

"ಹೂಂ ಕಣವ್ವಾ, ಹಂಗೇ ಮಾಡ್ತೀನಿ."

ಆಷಾಢಕ್ಕೆ ಉಳಿದದ್ದು ಆರೇ ದಿನ. ಪಕ್ಕದೂರಿನಲ್ಲಿ ಬಟ್ಟೆ ಒಗೆಯುವ ಈರಯ್ಯ ಬಂದ. ಮಗಳು ಸಣ್ಣಿಯನ್ನು ಕೊಡುವ ಮನಸ್ಸು ಅವನಿಗೆ. ಹಳ್ಳದಿಂದ ನೇರ ಬಂದದ್ದರಿಂದ ಮೈಮೇಲೆ ಮಾಸಿದ ಚೌಕ. ಜೊತೆಯಲ್ಲಿದ್ದ ಕತ್ತೆಯ ಬೆನ್ನಿನ ಮೇಲೆ ಅವನೂರ ಗೌಡರ ಬಟ್ಟೆಗಂಟು, ಗಂಟಿನ ಮೇಲೆ ಗೇಣುದ್ದ ಅಂಚಿನ ಜರಿ ಶಲ್ಯ.

ಮಾಚ ಈರಯ್ಯನನ್ನು ನೋಡಿದ. ಕತ್ತೆಯನ್ನು ನೋಡಿದ. ಈರಯ್ಯನನ್ನು ಬಾಗಿಲಾಚೆ ಕೂರಿಸಿದ. ಕತ್ತೆಗೆ ಚಾಪೆ ಹಾಸಿದ, ಚೊಂಬಿನಲ್ಲಿ ನೀರು ಹಿಡಿದ, ಕೈ ಮುಗಿದ.

"ದಯಮಾಡ್ಸಿ ಬುದ್ದೀ! ಆರಾಮಾಗಿ ಕೂತ್ಕಳಿ!"

ಕತ್ತೆ ನೀರು ಕುಡಿಯಿತು, ಚಾಪೆ ತಿಂದಿತು. ಚೌಡಮ್ಮ ಬಂದು ನೋಡಿ ಅಲ್ಲೇ ಕುಸಿದು ಕೂತಳು. ಹೋಯಿತು, ಇದೂ ಹೋಯಿತು!

ಈರಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಯಾಕಕ್ಕಾ ಅಳ್ತೀಯ? ಊರೆಲ್ಲ ಮಾಡೋದೂ ಇದೇ ಅಲ್ವಾ? ಈ ಶಲ್ಯ ಗೌಡ್ರ ಹೆಗಲ ಮೇಲಿದ್ರೆ ಜನ ಎದ್ದು ನಿಲ್ತಾರೆ. ಇದನ್ನ ಒಗೆದು ಮಡಿ ಮಾಡೋ ನನ್ನ ಆಚೆ ನಿಲ್ಲಿಸ್ತಾರೆ. ನಿನ್ ಮಗ ನನ್ ಕತ್ತೆಗಾದ್ರೂ ನೀರು ಕೊಟ್ಟ. ಹುಡುಗಿ ಕೊಡ್ತೀನಿ, ಹೋಗು!"

ಚೌಡಮ್ಮ ಕಣ್ಣೊರೆಸಿಕೊಂಡಳು. ಆದರೂ ಬೈಯದೆ ಬಿಡಲಿಲ್ಲ.

"ಇನ್ಮೇಲೆ ಬಟ್ಟೆ ನೋಡ್ಬೇಡ್ವೋ ಮುಂಡೇದೇ! ಬಾಗಿಲಿಗೆ ಬಂದೋರು ಯಾರೇ ಆಗ್ಲಿ, ಸಾಹುಕಾರ್ರೇ ಬಂದ್ರು ಅಂದ್ಕೊಂಡು ನಡ್ಕೋ!"

"ಹೂಂ ಕಣವ್ವಾ, ಹಂಗೇ ಮಾಡ್ತೀನಿ."

ಮದುವೆ ಆಷಾಢಕ್ಕೆ ಮೂರು ದಿನ ಮುಂಚೆ, ಗುಡಿಸಲ ಮುಂದಿನ ಚಪ್ಪರದಲ್ಲಿ. ಚೌಡಮ್ಮ ಹಿತ್ತಲಲ್ಲಿ ಸಾಕಿದ್ದ ಎರಡು ಆಡು ಮಾರಿ ಮಗನಿಗೆ ಹೊಸ ಜರಿ ಪಂಚೆ ತಂದಳು. ಹುಟ್ಟಿದಾಗಿನಿಂದ ಊರವರು ಉಟ್ಟುಬಿಟ್ಟದ್ದನ್ನೇ ಉಟ್ಟವನು ಅವನು. ಒಂದು ದಿನ, ಒಂದೇ ಒಂದು ದಿನ, ಮಗ ತನ್ನದೇ ಬಟ್ಟೆಯಲ್ಲಿ ನಾಲ್ಕು ಜನರ ಮುಂದೆ ನಿಲ್ಲಬೇಕು ಅಂತ ಆ ತಾಯಿಗೆ ಆಸೆ. ತಪ್ಪೇನು, ಹೇಳಿ?

ಊರಿನ ಮದುವೆಗಳಲ್ಲಿ ಸಾಹುಕಾರರಂಥವರು ಬರುವಾಗ ಅವರ ಕಾಲಿಗೆ ಮಣ್ಣು ತಾಗದಂತೆ ದಾರಿಗೆ ಮಡಿಬಟ್ಟೆ ಹಾಸುವುದು ಚೌಡಮ್ಮನ ಮನೆಯವರ ಕೆಲಸ. ಅದಕ್ಕೆ ನಡೆಮಡಿ ಅನ್ನುತ್ತಾರೆ. ಆದರೆ ನಡೆಮಡಿ ಹಾಸುವವರ ಮದುವೆಗೆ ನಡೆಮಡಿ ಹಾಸುವವರು ಯಾರು? ಯಾರೂ ಇಲ್ಲ.

ಮುಹೂರ್ತ ಮೀರುತ್ತಿತ್ತು. "ಬೇಗ! ಬೇಗ!" ಅಂತ ಎಲ್ಲರೂ ಕೂಗಾಡುತ್ತಿದ್ದರು. ಅಷ್ಟರಲ್ಲಿ ನೂಲಿನ ಸೀರೆ ಉಟ್ಟ ಸಣ್ಣಿ ಬರಿಗಾಲಲ್ಲಿ ಅಂಗಳದ ಕೆಸರಿಗೆ ಕಾಲಿಡಲು ಬಂದಳು.

ಮಾಚ ನೋಡಿದ. ಬಾಗಿಲಿಗೆ ಬಂದವರು! ಸಾಹುಕಾರರೇ ಬಂದ ಹಾಗೆ! ದಾರಿಗೆ ಬಟ್ಟೆಯಿಲ್ಲ!

"ನಿಲ್ಲಿ ನಿಲ್ಲಿ ಬುದ್ದೀ!" ಅಂತ ಕೂಗಿ ಹಸೆಯಿಂದ ಹಾರಿದ. ಉಟ್ಟಿದ್ದ ಜರಿ ಪಂಚೆ ಸರ್ರನೆ ಬಿಚ್ಚಿದ, ಕೆಸರಿನ ಮೇಲೆ ಹಾಸಿದ, ಬರೀ ಲಂಗೋಟಿಯಲ್ಲಿ ಕೈಮುಗಿದು ನಿಂತ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಸಣ್ಣಿ ಮಾತ್ರ ನಗಲಿಲ್ಲ. ಅವಳ ಕಾಲಿಗೆ ಬಟ್ಟೆ ಹಾಸಿದವರು ಅದುವರೆಗೆ ಯಾರೂ ಇರಲಿಲ್ಲ. ಜರಿಯ ಮೇಲೆ ಮೆಲ್ಲಗೆ ನಡೆದು ಬಂದು ಹಸೆಯ ಮೇಲೆ ಕೂತಳು. ಅವಳ ಹಿಂದೆಯೇ ಈರಯ್ಯನ ಕತ್ತೆಯೂ ನಡೆದು ಬಂತು.

"ಅಯ್ಯೋ ನನ್ ಹೊಸ ಪಂಚೆ!" ಚೌಡಮ್ಮ ಬಾಯಿ ಬಾಯಿ ಬಡಿದುಕೊಂಡಳು. "ಸುತ್ಕೊಳ್ಳೋ ಬೇಗ! ತಾಳಿ ಕಟ್ಟೋ ಹೊತ್ತು ಮೀರ್ತು!"

ಮಾಚ ಪಂಚೆ ಎತ್ತಿದ. ಕೆಸರು ಕೊಡವಿದ. ಒಂದು ಮೂಲೆ ತಿರುಗಿಸಿ ನೋಡಿದ. ಇನ್ನೊಂದು ಮೂಲೆ ನೋಡಿದ. ನಾಲ್ಕೂ ಮೂಲೆ ನೋಡಿದ. ಚುಕ್ಕೆಯಿಲ್ಲ, ಗೀಟಿಲ್ಲ, ಸೊನ್ನೆಯಿಲ್ಲ. ಅವನ ಮುಖ ಸಪ್ಪಗಾಯಿತು. ಪಂಚೆಯನ್ನು ಕಂಕುಳಲ್ಲಿ ಸುರುಳಿ ಮಾಡಿಕೊಂಡು ಕೆರೆ ಕಡೆ ಓಡಿದ. ಏರಿಯ ಮೇಲೆ ನಿಂತು ತಿರುಗಿ ಕೂಗಿ ಕೇಳಿದ:

"ಅವ್ವಾ, ಇದ್ರಲ್ಲಿ ಗುರುತೇ ಇಲ್ವಲ್ಲವ್ವಾ! ಒಗೆದು ಯಾರ ಮನೆಗೆ ಕೊಟ್ಟು ಬರ್ಲಿ?"