ಬಂಡೆ ಹೊದ್ದ ಕಂಬಳಿ

ಭೂಮಿಗೆ ಇನ್ನೂ ಒಂದು ಮಡಿಕೆಯೂ ಬಿದ್ದಿರದ ಕಾಲ. ಬೆಟ್ಟ ಇರಲಿಲ್ಲ, ಕೊಳ್ಳ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಒಂದೇ ಒಂದು ಕೆಂಪು ಬಂಡೆ ಅಂಗಾತ ಮಲಗಿತ್ತು. ಅದರ ಮೇಲೆ ಹೊಳೆ ಹರಿಯುತ್ತಿತ್ತು. ಆಗ ಎಲ್ಲಕ್ಕೂ ಮಾತು ಬರುತ್ತಿತ್ತು, ಹೊಳೆಗಂತೂ ತುಸು ಹೆಚ್ಚೇ ಬರುತ್ತಿತ್ತು.

ಆ ಬಂಡೆಯ ಮೇಲೆ ಮಾಳವ್ವ ಕುರಿ ಕಾಯುತ್ತಿದ್ದಳು. ಅವಳ ಮಂದಿಯಲ್ಲಿ ಒಂದು ಪದ್ಧತಿ. ಕಂಬಳಿ ಹೊದ್ದವರು ಅಂಚು ಎತ್ತಬೇಕು. ನಡುಗುತ್ತ ಬಂದವರು ಯಾರೇ ಇರಲಿ, 'ನೀ ಯಾರು' ಎಂದು ಕೇಳದೆ ಅಂಚು ಎತ್ತಿ ಒಳಗೆ ಸೇರಿಸಿಕೊಳ್ಳಬೇಕು.

ಮಳೆ ಮುಗಿದಿತ್ತು. ಮಾಳವ್ವ ಕುರಿಗಳ ಉಣ್ಣೆ ಕತ್ತರಿಸಿ ಮುಗಿಸಿದ್ದಳು ಅಷ್ಟೇ, ಚಳಿ ಹೊರಟ ಸುದ್ದಿ ಬಂತು. ಆಗಿನ ಚಳಿಗೆ ಹೊತ್ತು ಗೊತ್ತು ಒಂದೂ ಇರಲಿಲ್ಲ. ಮನಸ್ಸು ಬಂದಾಗ ಬರುತ್ತಿತ್ತು.

"ಮಾಳವ್ವಾ, ಚಳಿ ಬರಾಕತ್ತೈತಿ! ಸಂಜೀಕ ಇಲ್ಲಿರತೈತಿ!" ಎಂದು ಗಾಳಿ ಓಡೋಡಿ ಬಂದು ಹೇಳಿತು.

ಅವಳು ಮರಿಗಳ ಕಡೆ ನೋಡಿದಳು. ಬೋಳು ಮೈಯ ಎಳೆ ಮರಿಗಳು ಒಂದರ ಹೊಟ್ಟೆಯಡಿ ಒಂದು ತೂರಿಕೊಳ್ಳುತ್ತಿದ್ದವು. ಈ ರಾತ್ರಿ ಬಯಲಲ್ಲಿ ಕಳೆದರೆ ಒಂದೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಇದ್ದಬದ್ದ ಉಣ್ಣೆಯನ್ನೆಲ್ಲ ನೂತಳು, ನೇಯ್ದಳು. ಇಡೀ ಹಿಂಡಿಗೆ ಸಾಲುವಷ್ಟು ದೊಡ್ಡ ಕಂಬಳಿ. ಕರಿ ಪಟ್ಟೆ, ಕೆಂದು ಪಟ್ಟೆ, ಮತ್ತೆ ಕರಿ ಪಟ್ಟೆ. ಆ ಕಾಲದ ಹಗಲುಗಳು ಉದ್ದವಾಗಿದ್ದವು, ಅದಕ್ಕೇ ಮುಗಿಯಿತು.

ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಬೇಕು. ಆಗಲೇ ಅದು ಬಿಗಿಯಾಗುವುದು. ಮಾಳವ್ವ ಗಂಜಿ ಕುದಿಸಿದಳು, ಕುದಿಸಿದಳು, ಕುದಿಸುತ್ತಲೇ ಇದ್ದಳು.

"ಗಂಜಿ ಭಾಳ ದಪ್ಪ ಆತಲ್ಲವ್ವಾ," ಎಂದಿತು ಹೊಳೆ.

"ದಪ್ಪ ಇದ್ರ ಗಾಳಿ ನುಸುಳಂಗಿಲ್ಲ. ನಿನ್ನ ಕೈಯಾಗ ಕೊಟ್ರ ಎಲ್ಲಾ ತೆಳ್ಳಗ. ಸುಮ್ನ ಹರಿ ನೀನು!"

ಹೊಳೆ ಸುಮ್ಮನೆ ಹರಿಯಿತು. ಮಾಳವ್ವ ಗಂಜಿ ಹಚ್ಚಿ, ಕಂಬಳಿಯನ್ನು ಬಂಡೆಯ ಮೇಲೆ ಒಣಹಾಕಿದಳು. ಬಿಸಿಲು ಬಿತ್ತು. ಕಂಬಳಿ ಒಣಗಿತು. ಎತ್ತಹೋದರೆ, ಬಂಡೆಗೆ ಅಂಟಿಕೊಂಡುಬಿಟ್ಟಿದೆ!

ಎಳೆದಳು. ಬರಲಿಲ್ಲ. ಕಾಲು ಊರಿ ಎಳೆದಳು. ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸೂರ್ಯ ಇಳಿಯುತ್ತಿದ್ದ. ಬಯಲಿನ ಅಂಚಿನಲ್ಲಿ ಚಳಿ ಬೆಳ್ಳಗೆ ಕಾಣಿಸುತ್ತಿತ್ತು.

ಆಗ ಬಂಡೆ ನಿದ್ದೆಗಣ್ಣಿನಲ್ಲಿ ಮಾತಾಡಿತು. "ಎಳೀಬ್ಯಾಡ ಯವ್ವಾ. ಹುಟ್ಟಿದಾಗಿಂದ ಬರಿಮೈಯಾಗ ಮಲಗೀನಿ. ಒಬ್ರೂ ನನಗ ಹೊಚ್ಚಿದ್ದಿಲ್ಲ. ಈಗ ಬೆಚ್ಚಗ ಆಗೇತಿ."

ಮಾಳವ್ವನ ಕೈ ಸಡಿಲಾಯಿತು. ಮರಿಗಳನ್ನು ನೋಡಿದರೆ ಅಳು, ಬಂಡೆಯನ್ನು ನೋಡಿದರೂ ಅಳು. ಹೊದ್ದವರ ಮೈಮೇಲಿಂದ ಕಂಬಳಿ ಕಿತ್ತ ಚಾಳಿ ಅವಳ ಮಂದಿಯಲ್ಲಿ ಯಾರಿಗೂ ಇರಲಿಲ್ಲ.

ಅವಳು ಮಂಡಿಯೂರಿ ಬಂಡೆಗೆ ಕೆನ್ನೆ ಹಚ್ಚಿದಳು. "ಆತು, ನೀನೇ ಹೊದ್ಕೋ. ಆದ್ರ ಹೊದ್ದವರು ಅಂಚು ಎತ್ತಬೇಕು. ನನ್ನ ಮರಿ ನಡುಗಾಕತ್ತಾವು ನೋಡು."

ಬಂಡೆ ಬಹಳ ಹೊತ್ತು ಯೋಚಿಸಿತು. ಬಂಡೆಗಳು ಯೋಚಿಸುವುದೇ ನಿಧಾನ. ಆಮೇಲೆ, ಮಲಗಿದ ತಾಯಿ ಮಗುವಿಗಾಗಿ ಎತ್ತಿದ ಹಾಗೆ, ಮೆಲ್ಲಗೆ ಅಂಚು ಎತ್ತಿತು.

ಬಂಡೆ ಎರಡಾಗಿ ಸರಿಯಿತು. ಕಂಬಳಿಯೂ ಅದರ ಜೊತೆಗೇ ಸರಿದು ಎರಡು ಗೋಡೆಗಳಿಗೂ ಹೊದಿಕೆಯಾಯಿತು. ನಡುವೆ ಆಳವಾದ, ಬೆಚ್ಚನೆಯ ಕೊಳ್ಳ ತೆರೆಯಿತು. ಮಾಳವ್ವ ಇಳಿದಳು, ಕುರಿ ಮರಿಗಳೆಲ್ಲ ಇಳಿದವು. ಅವುಗಳ ಹಿಂದೆ, ಯಾರೂ ಕರೆಯದಿದ್ದರೂ, ಹೊಳೆ ಇಳಿಯಿತು. ಏನಾಗುತ್ತಿದೆ ಎಂದು ಇಣುಕಿದ ಸಂಜೆಯ ಬಿಸಿಲು ಆ ದಪ್ಪ ಗಂಜಿಗೆ ಅಂಟಿ ಅಲ್ಲೇ ಉಳಿಯಿತು.

ಚಳಿ ಬಂತು. ಮೇಲೆ ಯಾರೂ ಇಲ್ಲ. ಅದು ಕೊಳ್ಳದ ಬಾಯಿಗೆ ಬಂದು ನಿಂತು, "ನನಗೂ ಚಳಿ ಆಗತೈತಿ. ನನಗೂ ಅಂಚು ಎತ್ತತೀರೇನು?" ಎಂದು ಸಣ್ಣ ದನಿಯಲ್ಲಿ ಕೇಳಿತು.

ಒಳಗೆ ಕೂತ ಮಾಳವ್ವ ಮರಿಗಳನ್ನು ಇನ್ನಷ್ಟು ತಬ್ಬಿಕೊಂಡಳು. ಇಲ್ಲ ಎನ್ನುವಂತಿಲ್ಲ, ಪದ್ಧತಿ ಪದ್ಧತಿಯೇ. ಬಾ ಎಂದರೆ ಮರಿಗಳ ಗತಿ?

"ಬಾರಪ್ಪಾ, ಬರಬ್ಯಾಡ ಅನ್ನಂಗಿಲ್ಲ," ಎಂದಳು ಕೊನೆಗೆ. "ಆದ್ರ ಮರಿಗೋಳ ಮೈಮ್ಯಾಲೆ ಉಣ್ಣೆ ಬರೂತನಕ ಹೊರಗ ಕುಂದ್ರು. ಎಲ್ಲಾರ್ಕಿಂತ ಕಡೀಗೆ ಬಾ."

ಯಾರೂ ಯಾವತ್ತೂ ಬಾ ಎನ್ನದ ಚಳಿಗೆ ಅಷ್ಟೇ ಸಾಕಾಯಿತು. ಅದು ಬಯಲಲ್ಲೇ ಕೂತು ಕಾಯಿತು.

ಅದಕ್ಕೇ ಮಗೂ, ಇವತ್ತಿಗೂ ಮೇಲಿನ ಬಯಲಿಗೆ ಚಳಿ ಬಂದು ಕೂತರೂ ಕೆಳಗಿನ ಕೊಳ್ಳಕ್ಕೆ ತಡವಾಗಿ ಇಳಿಯುತ್ತದೆ. ಚಳಿ ಇನ್ನೂ ಇಳಿಯದ ಆ ದಿನಗಳಲ್ಲೇ ಜನ ಬುತ್ತಿ ಕಟ್ಟಿಕೊಂಡು, ಹೊಳೆಯ ಪಕ್ಕದಲ್ಲಿ ನಡೆಯುತ್ತ ಕೊಳ್ಳ ನೋಡಲು ಹೋಗುತ್ತಾರೆ. ನೀನೂ ಹೋದಾಗ, ಸೂರ್ಯ ಮುಳುಗಿದ ಮೇಲೆ, ಆ ಪಟ್ಟೆಪಟ್ಟೆಯ ಗೋಡೆಗೆ ಅಂಗೈ ಇಟ್ಟು ನೋಡು. ಇನ್ನೂ ಬೆಚ್ಚಗಿರುತ್ತದೆ, ಯಾಕೆಂದರೆ ಬಂಡೆ ಆವತ್ತು ಎತ್ತಿದ ಅಂಚನ್ನು ಇನ್ನೂ ಇಳಿಸಿಲ್ಲ.